ಚಿಕ್ಕಪ್ಪನ ಹದಿನಾರು ಚೌಕ

ನಮ್ಮ ಚಿಕ್ಕಪ್ಪ ಉಪ್ಪಿಟ್ಟನ್ನು ತಿನ್ನುವವರಲ್ಲ, ಅಳೆಯುವವರು! ಬಾಣಲೆಯ ಹದಿನಾರು ಕಡೆ ಚಮಚ ಹಾಕಿ ರುಚಿ ನೋಡಿ, "ಉಪ್ಪು ಎಲ್ಲಾ ಕಡೆ ಸಮವಾಗಿಲ್ಲ" ಎಂದು ತೀರ್ಪು ಕೊಡುತ್ತಿದ್ದರು. "ಅಷ್ಟರಲ್ಲಿ ಬಾಣಲೆನೇ ಖಾಲಿ ಮಾಡಿದೀರಲ್ಲಾ!" ಎಂದು ಚಿಕ್ಕಮ್ಮ ಸೌಟು ಎತ್ತುತ್ತಿದ್ದರು.

ತಪ್ಪು ಅವರದಲ್ಲ, ಕೆಲಸದ್ದು. ತೊಂಬತ್ತರ ದಶಕದ ಮಾತು. ವಾರವೆಲ್ಲ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿದ್ದು ಶನಿವಾರ ನಮ್ಮೂರು ಗುಬ್ಬಿಗೆ ಬರುತ್ತಿದ್ದರು. ಆ ಪ್ರಯೋಗಾಲಯದಲ್ಲೊಂದು ಕಿಟಕಿಯಿಲ್ಲದ ಕಬ್ಬಿಣದ ಕೋಣೆ. ಅದರೊಳಗೆ ರೇಡಿಯೋ ಅಲೆ ಬಿಟ್ಟು, ಯಂತ್ರಗಳು ತಡೆದುಕೊಳ್ಳುತ್ತವೆಯೇ ಎಂದು ನೋಡುವುದು. ಅದಕ್ಕೂ ಮೊದಲು ಅಲೆ ಸಮನಾಗಿ ಬೀಳುತ್ತಿದೆಯೇ ಎಂದು ಹದಿನಾರು ಕಡೆ ಅಳೆಯಬೇಕಂತೆ. ಜನ ಒಳಗಿದ್ದರೆ ಅಳತೆ ಕೆಡುತ್ತದಂತೆ. ಅಳತೆ ಎಷ್ಟೇ ಬರಲಿ, ಪಕ್ಕದಲ್ಲಿ 'ಇಷ್ಟು ಹೆಚ್ಚು ಕಮ್ಮಿ' ಎಂದು ಬರೆಯಲೇಬೇಕಂತೆ. ಕುಣಿಗಲ್‌ಗೆ ಹೆಣ್ಣು ನೋಡಲು ಹೋದಾಗಲೂ, "ಹುಡುಗಿ ಒಪ್ಪಿಗೆನಾ?" ಎಂದರೆ "ಒಪ್ಪಿಗೆ, ಸ್ವಲ್ಪ ಹೆಚ್ಚು ಕಮ್ಮಿ" ಎಂದ ಮಹಾನುಭಾವ! ಹೆಚ್ಚೋ ಕಮ್ಮಿಯೋ ಎಂದು ಚಿಕ್ಕಮ್ಮ ಇವತ್ತಿಗೂ ಕೇಳುತ್ತಾರೆ.

ಈ ಹುಚ್ಚು ಒಂದು ಶನಿವಾರ ಅಜ್ಜಿಯ ಮಂಚಕ್ಕೆ ತಗುಲಿಕೊಂಡಿತು. ಅಜ್ಜಿ, ಅಂದರೆ ಚಿಕ್ಕಪ್ಪನ ತಾಯಿ. ಕಿವಿ ಮಂದ. ನಾವು ನಕ್ಕಾಗಲೆಲ್ಲ ಮೂಲೆಯ ಮಂಚದಿಂದ "ಏನ್ಲಾ ಅದು?" ಎನ್ನುತ್ತಿದ್ದರು. "ಏನಿಲ್ಲ ಬಿಡಜ್ಜಿ" ಎಂದು ನಾವು ಕೈಯಾಡಿಸಿಬಿಡುತ್ತಿದ್ದೆವು. ಈಚೆಗೆ ಅವರು ಹಾಗೆ ಕೇಳುವುದನ್ನೇ ನಿಲ್ಲಿಸಿದ್ದರು.

ಚಿಕ್ಕಪ್ಪ ನಡುಮನೆಯ ನೆಲಕ್ಕೆ ಸೀಮೆಸುಣ್ಣದಲ್ಲಿ ಹದಿನಾರು ಚೌಕ ಬರೆದರು. "ಅವ್ವನಿಗೆ ಎಲ್ಲಿ ಚೆನ್ನಾಗಿ ಕೇಳ್ತದೆ ನೋಡ್ತೀನಿ. ನೀವೆಲ್ಲ ಆಚೆ ನಡೀರಿ, ರೀಡಿಂಗ್ ಕೆಡ್ತದೆ!"

ಒಂದು ಗಂಟೆ ಜಗುಲಿಯಲ್ಲಿ ಕೂತೆವು. ಒಳಗೆ ಮಂಚ ಎಳೆಯುವ ಸದ್ದೋ ಸದ್ದು! ಬಾಗಿಲು ತೆರೆದರೆ ಮಂಚ ನಟ್ಟನಡುವೆ, ಅಡುಗೆಮನೆಗೂ ಬಚ್ಚಲಿಗೂ ಅಡ್ಡ!

ಆಮೇಲೆ ನಮ್ಮ ಮೊಣಕಾಲುಗಳ ಪಾಡು ಕೇಳಬೇಡಿ. ಹೋಗುವಾಗ ಡಿಕ್ಕಿ, ಬರುವಾಗ ಡಿಕ್ಕಿ. ಪ್ರತಿ ಡಿಕ್ಕಿಗೂ ಅಜ್ಜಿ, "ಯಾರ್ಲಾ ಅದು? ಪೆಟ್ಟಾಯ್ತಾ? ಕುತ್ಕೊ ಬಾ" ಎನ್ನುವರು. ಕೂತ ಮೇಲೆ ಸುಮ್ಮನಿರಲಾದೀತೇ? ಕಿವಿಯ ಹತ್ತಿರ ಬಾಯಿಟ್ಟು ಊರ ಸುದ್ದಿಯೆಲ್ಲ ಹೇಳಬೇಕಾಯಿತು.

ತಿಂಗಳಾದ ಮೇಲೆ ನಾನು ಊದಿದ ಮೊಣಕಾಲು ತೋರಿಸಿ ಚಿಕ್ಕಪ್ಪನ ಮೇಲೆ ರೇಗಿದೆ. "ಅಜ್ಜಿಗೆ ಅಲ್ಲೇ ಚೆನ್ನಾಗಿ ಕೇಳ್ತದೆ ಅಂತ ಗ್ಯಾರಂಟಿನಾ?"

"ಹದಿನಾರು ಕಡೇನೂ ಒಂದೇ ಸಮ ಕಣೋ," ಎಂದರು ಮೆಲ್ಲಗೆ. "ಎಲ್ಲೂ ಕೇಳ್ಸಲ್ಲ."

"ಮತ್ತೆ ಮಂಚ ಯಾಕೆ ಅಲ್ಲಿ?"

"ಮೂಲೇಲಿದ್ದಾಗ ನೀವ್ಯಾರೂ ಹತ್ರ ಹೋಗ್ತಿರ್ಲಿಲ್ವಲ್ಲೋ."

ನನಗೆ ನಾಚಿಕೆಯಾಯಿತು. ಒಳಗೆ ಹೋಗಿ, ಡಿಕ್ಕಿ ಹೊಡೆಯದೆಯೇ ಮಂಚದ ಅಂಚಿಗೆ ಕೂತೆ. ಅಜ್ಜಿ ನನ್ನ ಮೊಣಕಾಲನ್ನು ಮಡಿಲಿಗೆ ಎಳೆದುಕೊಂಡು ನೀವತೊಡಗಿದರು.