ಕಿಟಕಿ ಪಟ್ಟಿಯ ಮೂರು ತಕರಾರು

ಕಿಟಕಿ ಮುಚ್ಚಿಸಿಕೊಳ್ಳಲು ನಮ್ಮನ್ನು ಕರೆಸುವ ಜನ ಮನೆಯ ಸುದ್ದಿಯನ್ನೆಲ್ಲ ನಮ್ಮೆದುರೇ ತೆರೆದಿಡುತ್ತಾರೆ. ಹೀಗಾಗಿ ಬ್ಲೈಂಡ್ಸ್ ಎಂಬ ಪಟ್ಟಿಪರದೆ ಕೂಡಿಸುವ ಕೆಲಸದಲ್ಲಿ ಮೊಳೆ ಹೊಡೆಯುವುದು ಸುಲಭ, ನಗು ತಡೆದುಕೊಳ್ಳುವುದು ಕಷ್ಟ.

ಪೆಟ್ಟಿಗೆಯೊಳಗೆ ಏನಿದೆ?

ನವನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಎರಡು ವರ್ಷ ಮೇಜಿನ ಮುಂದೆ ಕೂತು ಪಟ್ಟಿ ಪೋಣಿಸಿದೆ. ಏಣಿಯಂತೆ ಹೆಣೆದ ದಾರದ ಮೆಟ್ಟಿಲು ಮೆಟ್ಟಿಲಿಗೆ ಒಂದೊಂದು ಪಟ್ಟಿ ತೂರಿಸುವುದು, ನಡುವಿನ ತೂತಿನಲ್ಲಿ ಹಗ್ಗ ಇಳಿಸುವುದು. ನಾನು ಪೋಣಿಸಿದ್ದು ಯಾರ ಕಿಟಕಿಗೆ ಹೋಯಿತು, ಅಲ್ಲಿ ಹೇಗೆ ಕಾಣುತ್ತದೆ, ಒಂದನ್ನೂ ನೋಡಿದವಳಲ್ಲ. ಪಟ್ಟಿಗಳನ್ನು ತೂಗುಹಾಕುವ ಮೇಲಿನ ಉದ್ದನೆಯ ಪೆಟ್ಟಿಗೆಯೊಳಗೆ ಏನಿದೆ ಎಂಬುದೂ ಗೊತ್ತಿರಲಿಲ್ಲ. ಹಗ್ಗ ನೇರ ಎಳೆದು ಬಿಟ್ಟರೆ ನಿಲ್ಲುತ್ತದೆ, ಓರೆಯಾಗಿ ಎಳೆದರೆ ಸರ್ರನೆ ಇಳಿಯುತ್ತದೆ. ಅದಕ್ಕೆ ಯಾರು ಹೇಳಿಕೊಟ್ಟರು?

ಕೆಟ್ಟ ಪೆಟ್ಟಿಗೆಯೊಂದನ್ನು ಕೇಳಿ ಮನೆಗೆ ತಂದೆ. ಅಡುಗೆಮನೆಯಲ್ಲೇ ಬಿಚ್ಚಿದೆ. ಒಂದು ಕಡೆ ಹಲ್ಲಿನ ಸಣ್ಣ ಉರುಳೆ ಕೂತು ಹಗ್ಗವನ್ನು ಕಚ್ಚಿ ಹಿಡಿಯುತ್ತಿತ್ತು. ಇನ್ನೊಂದು ಕಡೆ ಗೇರು. ಕೆಳಗೆ ತೂಗುವ ಕೋಲು ತಿರುಗಿಸಿದರೆ ಗೇರು ತಿರುಗಿ, ಸಲಾಕೆ ತಿರುಗಿ, ಏಣಿದಾರದ ಒಂದು ಬದಿ ಏರುತ್ತದೆ, ಒಂದು ಬದಿ ಇಳಿಯುತ್ತದೆ. ಪಟ್ಟಿಗಳೆಲ್ಲ ಒಟ್ಟಿಗೆ ಮಗ್ಗುಲು ಬದಲಿಸುತ್ತವೆ. ನನಗೆ ಖುಷಿ ತಡೆಯಲಾಗಲಿಲ್ಲ.

ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. "ಸಾಲ್ಯಾಗ ಪುಸ್ತಕಾನೂ ಹಿಂಗ ಬಿಚ್ಚಿ ನೋಡಿದ್ದರ ಹತ್ತನೇ ಕ್ಲಾಸಿಗೆ ಯಾಕ ನಿಲ್ತಿದ್ದಿ?"

"ಪುಸ್ತಕದಾಗ ಸ್ಕ್ರೂ ಇರಲಿಲ್ರೀ ಅತ್ತಿ," ಎಂದೆ.

ಮರುದಿನ ಮಾಲಕರಿಗೆ ಹೇಳಿದೆ: "ಕಾಕಾ, ನನ್ನೂ ಮನಿಮನಿಗೆ ಕಳಸ್ರಿ. ನಾನೂ ಕೂಡಸ್ತೇನಿ." ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಒಂದು ತಿಂಗಳು ನೋಡೋಣು. ಮೂರು ತಕರಾರು ಬಂದ್ವು ಅಂದ್ರ ಮತ್ತ ದಾರದ ಮೇಜಿಗೆ. ಆಮ್ಯಾಲೆ ಈ ಮಾತು ಎತ್ತಬಾರ್ದು." ಒಪ್ಪಿಕೊಂಡೆ. ಸ್ಕ್ರೂಡ್ರೈವರಿನ ಚೀಲ ನನ್ನ ಹೆಗಲಿಗೆ ಬಂತು.

ಒಂದನೆಯ ತಕರಾರು

ಮೊದಲ ವಾರವೇ ಒಬ್ಬ ಗಿರಾಕಿ ಫೋನ್ ಮಾಡಿದ: "ನಿಮ್ಮ ಹೆಣ್ಮಗಳು ಹೊಸಾ ಹಗ್ಗಾನ ಕತ್ತರಿಸ್ಯಾಳ್ರಿ!"

ಕತ್ತರಿಸಿದ್ದು ಖರೆ. ಹಗ್ಗದ ಎರಡೂ ತುದಿ ಸೇರಿ ಕುಣಿಕೆಯಾಗಿ ತೂಗುತ್ತಿತ್ತು, ಆ ಮನೆಯಲ್ಲಿ ಎರಡು ವರ್ಷದ ಕೂಸು. ನನ್ನ ಮನೆಯಲ್ಲೂ ಅಂಥದೇ ಒಂದಿದೆ; ತೂಗುವುದು ಕಂಡರೆ ಮೊದಲು ಕೊರಳಿಗೆ ಹಾಕಿಕೊಳ್ಳುತ್ತದೆ. ಕುಣಿಕೆ ಕತ್ತರಿಸಿ, ಎರಡು ತುದಿಗೂ ಬೇರೆ ಬೇರೆ ಗುಂಡಿ ಕಟ್ಟಿ, ಕೂಸಿನ ಕೈಗೆ ಸಿಗದಂತೆ ಮೇಲೆ ಹುಕ್ಕು ಹೊಡೆದು ಸುತ್ತಿ ಬಂದಿದ್ದೆ. ಗಿರಾಕಿಯ ಹೆಂಡತಿಗೆ ತೋರಿಸಿ, ಅವಳ ಕೈಯಳತೆ ನೋಡಿಯೇ ಹೊಡೆದದ್ದು.

ಮಾಲಕರು ನನ್ನನ್ನು ಕರೆದುಕೊಂಡು ಅಲ್ಲಿಗೆ ಹೋದರು. ಕೂಸಿನ ಸಲುವಾಗಿ ಎಂಬುದನ್ನು ಕೇಳಿ "ಹಗ್ಗ ಕತ್ತರಿಸಿದ್ದು ಛಲೋನ ಆತು" ಎಂದರು. ಆದರೂ ಗಂಡನ ಮುಖ ಸಡಿಲಾಗಲಿಲ್ಲ. ಕೊನೆಗೆ ಹೆಂಡತಿಯೇ ಒಳಗಿನಿಂದ ಕೂಗಿದಳು:

"ಹಗ್ಗದ್ದಲ್ರಿ ಅವರ ತಕರಾರು. ಆ ಹುಕ್ಕು ನನಗ ನಿಲುಕತೈತಿ, ಅವರಿಗೆ ನಿಲುಕೂದಿಲ್ಲ. ಸ್ಟೂಲ್ ಹತ್ತಬೇಕಾಗೇತಿ!"

ಹುಕ್ಕನ್ನು ನಾಲ್ಕು ಬೆರಳು ಇಳಿಸಿದೆ. ಮಾಲಕರು ಹೊರಗೆ ಬಂದು "ಒಂದು" ಎಂದರು.

ಕೀಲಿ

ಇದು ತಕರಾರಲ್ಲ, ಆದರೂ ಹೇಳದೆ ಇರಲಾರೆ. ಮಾಳಮಡ್ಡಿಯಲ್ಲಿ ಒಬ್ಬ ಹಿರಿಯರ ಮನೆಯಲ್ಲಿ ಕೂಡಿಸಿ ಎಂಟು ದಿನವಾಗಿತ್ತು. ಎಲ್ಲ ಸರಿ ಇದೆಯೋ ಎಂದು ನೋಡಲು ಹೋದೆ. ಅವರು ಕಿಟಕಿಯ ಮುಂದೆ ನಿಂತು ಕೋಲು ತಿರುಗಿಸುತ್ತಿದ್ದರು. ಪಟ್ಟಿ ಪೂರ್ತಿ ಮುಚ್ಚಿದ್ದವು, ಆದರೂ ತಿರುಗಿಸುತ್ತಲೇ ಇದ್ದರು. ಒಳಗೆ ಗೇರು ಜಾರಿ ಟಿಕ್ ಟಿಕ್ ಎನ್ನುತ್ತಿತ್ತು.

"ಅಜ್ಜಾರ, ಏನ್ ಮಾಡಾಕತ್ತೀರಿ?"

"ಹದಿನೆಂಟು, ಹತ್ತೊಂಬತ್ತು... ತಡೀವಾ, ಇಪ್ಪತ್ತು. ದಿನಾ ಮುಂಜಾನೆ ಎಂಟಕ್ಕ ಕೀಲಿ ಕೊಡ್ತೀನಿ. ನಮ್ಮ ಗೋಡೆ ಗಡಿಯಾರಾನೂ ಹಿಂಗ ಇತ್ತು, ಮರತ್ರ ನಿಂತಬಿಡ್ತಿತ್ತು."

"ಇದಕ್ಕ ಕೀಲಿ ಬೇಕಾಗಿಲ್ರಿ ಅಜ್ಜಾರ."

ಅವರು ನನ್ನನ್ನು ಕನಿಕರದಿಂದ ನೋಡಿದರು. "ಹೊಸಾದಾಗಿ ಕೆಲಸಕ್ಕ ಸೇರೀಯೇನ?"

ಎರಡನೆಯ ತಕರಾರು

ಬೇಸಿಗೆ. ನವನಗರದ ಒಂದು ಮನೆಯಿಂದ ಮಗ ಫೋನ್ ಮಾಡಿದ: ಪಟ್ಟಿ ಮುಚ್ಚುತ್ತಿಲ್ಲ, ಹಗ್ಗ ಎಳೆದರೆ ಏರುತ್ತಲೂ ಇಲ್ಲ. ನಾನು ಹೋದಾಗ ಅವನು ಕೆಲಸಕ್ಕೆ ಹೋಗಿದ್ದ. ಬಾಗಿಲು ತೆರೆದದ್ದು ಅವನ ತಾಯಿ. ಪಡುವಣ ಬಿಸಿಲು ನೇರ ಬೀಳುವ ದೊಡ್ಡ ಕಿಟಕಿ. ಮಲಗಿಸಿದ ಪಟ್ಟಿಗಳ ಮೇಲೆ ಮೊಳದುದ್ದದ ಶಾವಿಗೆ ಸಾಲು ಸಾಲಾಗಿ ಜೋತುಬಿದ್ದಿತ್ತು. ಹಗ್ಗ ಇಳಿಯುವ ತೂತುಗಳಲ್ಲೆಲ್ಲ ಹಿಟ್ಟು ಒಣಗಿ ಕಚ್ಚಿಕೊಂಡಿತ್ತು.

"ಇದೇನ್ರೀ ಯವ್ವಾ?"

"ಮಾಳಗಿ ಮ್ಯಾಲೆ ಹಾಕಿದ್ರ ಮಂಗ್ಯಾ ಬರ್ತಾವ. ಕೋಲು ಕಟ್ಟಾಕ ಜಾಗಾ ಇಲ್ಲ. ನೀ ಮಾಡಿಕೊಟ್ಟದ್ದು ಭಾಳ ಅನುಕೂಲ ಆತು ನೋಡು. ಒಂದ ಕಿಟಕ್ಯಾಗ ಇಷ್ಟೊಂದು ಕೋಲು!"

ನಾನು ಪಟ್ಟಿ ತಿರುಗಿಸುವ ಕೋಲಿಗೆ ಕೈ ಹಾಕಿದೆ. ಅವರು ಓಡಿ ಬಂದರು.

"ತಿರುಗಿಸಬ್ಯಾಡ! ಮುರೀತಾವ!"

"ಪಟ್ಟಿ ಗಟ್ಟಿ ಅದಾವ್ರಿ, ಮುರಿಯೂದಿಲ್ಲ."

"ಪಟ್ಟಿ ಮುರದ್ರ ಮುರೀಲಿ ಬಿಡು. ಶ್ಯಾವಿಗಿ!"

ಶಾವಿಗೆ ಒಣಗುವ ತನಕ ಕಾಯ್ದು, ಬಿಡಿಸಿ, ತೂತುಗಳನ್ನು ಕಡ್ಡಿಯಿಂದ ಕೆರೆದು ಸ್ವಚ್ಛ ಮಾಡಿ ಬಂದೆ. ಒಂದು ಡಬ್ಬಿ ಶಾವಿಗೆ ಕಾರ್ಖಾನೆಗೂ ಬಂತು. ಮಾಲಕರು ಪಾಯಸ ಮಾಡಿಸಿ ಎರಡು ವಾಟಿ ಕುಡಿದರು. ಕುಡಿದು ಬಾಯಿ ಒರೆಸಿಕೊಂಡು, "ಎರಡು" ಎಂದರು.

ಮೂರನೆಯ ತಕರಾರು

ತಿಂಗಳು ಮುಗಿಯಲು ನಾಲ್ಕು ದಿನವಿತ್ತು. ದೇಶಪಾಂಡೆ ನಗರದಲ್ಲಿ ಒಬ್ಬ ಟೀಚರ ಮನೆಯ ಅಡುಗೆಮನೆಗೆ ಬ್ಲೈಂಡ್ಸ್ ಹಾಕಿದೆ. ಹಾಕಿದ ಮರುದಿನವೇ ಟೀಚರು ನನಗೆ ಫೋನ್ ಮಾಡಿ ಗುಟ್ಟಾಗಿ ಕೇಳಿದರು: "ಹಾಲ್ಫ್ ಮುಚ್ಚಿರ್ತೇನಿ. ಆದ್ರೂ ಎದುರಿನ ಮ್ಯಾಲಿನ ಮನಿ ಬಾಯಾರಿಗೆ ನಮ್ಮ ಪಲ್ಯಾ ಯಾವುದು ಅಂತ ಹೆಂಗ ಗೊತ್ತಾಗತೈತಿ? ಇವತ್ತು 'ಬದನಿಕಾಯಿಗೆ ಎಣ್ಣಿ ಕಡಿಮಿ ಹಾಕಿದಿ' ಅಂದ್ರು!"

ಇದು ನನಗೂ ಸೋಜಿಗವೆನಿಸಿತು. ಹೋಗಿ ರಸ್ತೆಯಲ್ಲಿ ನಿಂತು ನೋಡಿದೆ, ಏನೂ ಕಾಣಲಿಲ್ಲ. ಒಳಗೆ ಬಂದು ಒಲೆಯ ಹತ್ತಿರ ಬಗ್ಗಿ ಪಟ್ಟಿಯ ಸಂದಿಯಲ್ಲಿ ಕಣ್ಣಿಟ್ಟೆ. ನೆಟ್ಟಗೆ ಎದುರಿನ ಮಹಡಿಯ ಬಾಲ್ಕನಿ ಕಂಡಿತು! ಪಟ್ಟಿಗಳ ಹೊರ ಅಂಚು ಮೇಲೆ, ಒಳ ಅಂಚು ಕೆಳಗೆ ಇತ್ತು. ರಸ್ತೆಯವರಿಗೆ ಗೋಡೆ, ಮಹಡಿಯವರಿಗೆ ಜಾರುಬಂಡೆ. ನೋಟ ಜಾರಿ ನೇರ ಬಾಣಲೆಗೆ ಬೀಳುತ್ತಿತ್ತು. ಕೋಲನ್ನು ಉಲ್ಟಾ ತಿರುಗಿಸಿ, ಒಳ ಅಂಚು ಮೇಲೆ ಬರುವಂತೆ ಮಾಡಿದೆ. "ಇನ್ನ ಯಾವಾಗ್ಲೂ ಹಿಂಗ ಮುಚ್ಚರಿ," ಎಂದು ಹೇಳಿ ಬಂದೆ.

ಎರಡು ದಿನ ಕಳೆದ ಮೇಲೆ ಮುಂಜಾನೆ ಮಾಲಕರು ಫೋನ್ ಕೆಳಗಿಟ್ಟು ಮೂರು ಬೆರಳು ತೋರಿಸಿದರು. "ದೇಶಪಾಂಡೆ ನಗರದಿಂದ ಒಬ್ಬಾಕಿ ಹೆಣ್ಮಗಳು. ಪಟ್ಟಿ ಮದ್ಲ ಛಲೋ ಇದ್ವಂತ, ನೀ ಬಂದು ಕೆಡಿಸಿದೆಂತ. ಚೀಲಾ ತಾ ಇಲ್ಲೆ."

ಚೀಲ ಅವರ ಹೆಗಲಿಗೆ ಹೋಯಿತು. ಇಬ್ಬರೂ ಹೋದೆವು.

ಟೀಚರು ಬಾಗಿಲು ತೆರೆದು ಕಣ್ಣರಳಿಸಿದರು. "ತಕರಾರಾ? ನಾ ಫೋನ್ ಮಾಡೇ ಇಲ್ರಿ! ಎರಡು ದಿನಾ ಆತು, ನಮ್ಮ ಮನಿ ಪಲ್ಯಾ ನಮ್ಮ ಮನ್ಯಾಗ ಐತಿ."

ಅಷ್ಟರಲ್ಲಿ ಎದುರಿನ ಬಾಲ್ಕನಿಯಿಂದ ಒಂದು ದನಿ: "ಬಂದ್ರ್ಯಾ? ನಾನ ಮಾಡಿದ್ದು ಫೋನ್. ನಿಮ್ಮ ಸ್ಕೂಟರ್ ಮ್ಯಾಲೆ ಕಾರ್ಖಾನಿ ಫೋನ್ ನಂಬರ್ ಬರದಿತ್ತಲಾ. ಎಂಥಾ ಪಟ್ಟಿ ಹಾಕ್ತೀರಿ ನೀವು? ಎರಡು ದಿನಾ ಆತು, ಏನೂ ಕಾಣವಲ್ದು!"

ಮಾಲಕರು ತಲೆ ಮೇಲೆತ್ತಿ ಮೆಲ್ಲಗೆ ಕೇಳಿದರು: "ಬಾಯಾರ, ಪಟ್ಟಿ ಕೊಂಡವರು ಇವರಲ್ರಿ?"

"ಕೊಂಡವರು ಯಾರಾದ್ರ ಏನು? ನೋಡಾಕಿ ನಾನು!"

ಮಾಲಕರು ಹೆಗಲ ಮೇಲಿನ ಚೀಲ ತೆಗೆದು ನನ್ನ ಕೈಗಿತ್ತು, ದನಿ ತಗ್ಗಿಸಿ ಹೇಳಿದರು: "ಇನ್ನ ಮನಿಮನಿಗೆ ನೀನ ಹೋಗವಾ. ನನಗ ಅಂಜಿಕಿ ಬರ್ತೈತಿ."