ಜಲಾಂತರ್ಗಾಮಿಗೊಂದು ಹಗ್ಗ

ಹೆಂಡತಿ ಮಾದೇವಿಗೆ ವಿಜ್ಞಾನದ ಗಂಧಗಾಳಿಯೂ ಇಲ್ಲವೆಂಬುದು ಕುಮಟೆಯ ಲಾರಿ ಮೆಕ್ಯಾನಿಕ್ ಕಮಲಾಕರನ ದೊಡ್ಡ ಕೊರಗು. ಎರಡು ವರ್ಷದ ಭಾನುವಾರಗಳನ್ನೆಲ್ಲ ಬಲಿಕೊಟ್ಟು, ಮೂರು ಡಾಂಬರು ಡ್ರಮ್ಮುಗಳನ್ನು ಬೋಲ್ಟು ಹಾಕಿ ಜೋಡಿಸಿ, ಅವನು ಸಾಕ್ಷಾತ್ ಜಲಾಂತರ್ಗಾಮಿಯನ್ನೇ ಸೃಷ್ಟಿಸಿದ್ದ. ಅದರಲ್ಲಿ ಕೂತು ಕಡಲಡಿಯಲ್ಲಿ ಐದೇ ಐದು ನಿಮಿಷ ಇದ್ದು ಬರಬೇಕೆಂಬುದು ಅವನ ಜನ್ಮದ ಆಸೆ. ಮಾದೇವಿ ಮಾತ್ರ ಅದನ್ನು ‘ಡಬ್ಬಿ’ ಎನ್ನುತ್ತಿದ್ದಳು.

“ಮುಚ್ಚಳ ಒಳಗಿಂದ ತೆಗೂಕೆ ಬತ್ತದ್ಯಾ?”

“ಬತ್ತದೆ.” (ನಿನ್ನೆಯವರೆಗೆ ಬರುತ್ತಿರಲಿಲ್ಲ. ಇವಳು ಕೇಳಿಯಾಳೆಂದು ಹೆದರಿ ಬದಲಾಯಿಸಿದ್ದ.)

“ಮುಳುಗಿದ್ದು ಮೇಲೆ ಬರದಿದ್ರೆ?”

“ತಳಕ್ಕೆ ಮರಳಿನ ಚೀಲ ಕಟ್ಟಿದ್ದೆ. ಒಳಗಿಂದ ಕೊಕ್ಕೆ ಎಳೆದ್ರೆ ಚೀಲ ಕಳಚಿ ಬೀಳ್ತದೆ, ನಾನು ಮೇಲೆ!”

“ಕೊಕ್ಕೆ ಸಿಕ್ಕಿಬಿದ್ರೆ? ಹಗ್ಗ ಕಟ್ಕಂಡು ಇಳೀರಿ. ಇಲ್ದಿದ್ರೆ ನಾನು ಬಾಡಕ್ಕೆ, ಅಪ್ಪನ ಮನೆಗೆ ಹೋದೆ.”

ಡಬ್ಬಿ ಇಳಿಯಬೇಕಾದದ್ದೂ ಬಾಡದ ಕಡಲಿಗೇ. ಆದರೂ ಬೆದರಿಕೆ ಬೆದರಿಕೆಯೇ.

“ಆತು ಮಾರಾಯ್ತಿ! ದಡದಲ್ಲಿ ಹಗ್ಗ ಹಿಡ್ಕಂಡಿರು. ಐದು ನಿಮಿಷ ಆದ್ರೂ ಬರದಿದ್ರೆ ಮಾತ್ರ ಎಳಿ,” ಎಂದು ಕೈಗಡಿಯಾರ ಬಿಚ್ಚಿ ಕೊಟ್ಟ.

ಭಾನುವಾರ ಬೆಳಿಗ್ಗೆ ದೋಣಿಯವರು ಡಬ್ಬಿಯನ್ನು ಆಳಕ್ಕೆ ಒಯ್ದು ಬಿಟ್ಟರು. ಕಮಲಾಕರ ಒಳಗೆ ಕೂತು ನಲ್ಲಿ ತಿರುಗಿಸಿದ. ಕೆಳಗಿನ ಡ್ರಮ್ಮಿಗೆ ನೀರು ತುಂಬಿತು, ಜಲಾಂತರ್ಗಾಮಿ ಮುಳುಗಿತು! ಗಾಜಿನಾಚೆ ಒಂದು ಬಂಗಡೆ ಮೀನು ಅವನನ್ನು ದಿಟ್ಟಿಸಿತು. ಅವನಿಗೆ ಕಣ್ಣು ತುಂಬಿ ಬಂತು.

ಅರ್ಧ ನಿಮಿಷವೂ ಆಗಿರಲಿಲ್ಲ, ಡಬ್ಬಿ ದಡದ ಕಡೆಗೆ ಓಡತೊಡಗಿತು.

ಬಾಡದವರ ಕೈಗೆ ಕಡಲಿನಿಂದ ಬಂದ ಹಗ್ಗ ಕೊಟ್ಟು ಸುಮ್ಮನೆ ಹಿಡಿದಿರಿ ಎಂದರೆ ಆಗುವ ಮಾತೇ? ಊರೇ ಸೇರಿ ದಡಕ್ಕೆಳೆಯುವ ರಂಪಣಿ ಬಲೆಯನ್ನು ಎಳೆದೆಳೆದು ಬೆಳೆದ ಕೈಗಳು ಅವು. ಮಾದೇವಿಯ ಹಿಂದೆ ತವರಿನ ಪಕ್ಕದ ಮನೆಯ ತಿಮ್ಮಕ್ಕ, ತಿಮ್ಮಕ್ಕನ ಹಿಂದೆ ಮಾದೇವಿಯ ಅಪ್ಪ ಈರ, ಅವನ ಹಿಂದೆ ಇಡೀ ಊರು ಸಾಲುಗಟ್ಟಿ ‘ಐಸಾ’ ಎಂದಿತು. ಡಬ್ಬಿ ಮೂರು ಲಾಗ ಹಾಕಿ ದಡಕ್ಕೆ ಬಿತ್ತು.

ಕಮಲಾಕರ ಅಂಬೆಗಾಲಲ್ಲಿ ಹೊರಬಂದ. “ಐದು ನಿಮಿಷ ಅಂದಿದ್ನಲ್ಲೇ!”

“ನಾ ಬರೀ ಹಿಡ್ಕಂಡಿದ್ದೆ. ಹಗ್ಗ ಹೋದಲ್ಲಿ ನಾನೂ ಹೋದೆ,” ಎಂದಳು ಮಾದೇವಿ.

“ಅದೆಲ್ಲ ಇರ್ಲಿ,” ತಿಮ್ಮಕ್ಕ ಬುಟ್ಟಿ ಮುಂದೆ ಮಾಡಿದಳು, “ನನ್ನ ಪಾಲೆಲ್ಲಿ?”

ಹಗ್ಗಕ್ಕೆ ಕೈಹಾಕಿದವರಿಗೆಲ್ಲ ಪಾಲು ಎಂಬುದು ಅಜ್ಜಂದಿರ ಕಾಲದ ಕಾನೂನು. ಡಬ್ಬಿಯಲ್ಲಿ ಒಂದು ಮೀನೂ ಇರಲಿಲ್ಲ ನಿಜ, ಆದರೆ ಡಬ್ಬಿ ಇತ್ತಲ್ಲ! ಪಾಲು ಹಂಚುವ ಹಿರಿಯನಾದ ಈರ, ಕಮಲಾಕರನದೇ ಪಾನಾ ತಗೊಂಡು ಬೋಲ್ಟು ಬಿಚ್ಚಿಸಿದ. ತಿಮ್ಮಕ್ಕನಿಗೆ ಮುಚ್ಚಳ ಬಂತು. ಗಾಜು, ನಲ್ಲಿ, ಮರಳಿನ ಚೀಲ ಎಲ್ಲ ಹೋದವು. ಮಧ್ಯಾಹ್ನದ ಗಂಜಿ ಹೊತ್ತಿಗೆ ಡ್ರಮ್ಮುಗಳೂ ಮೂರು ದಿಕ್ಕಿಗೆ ಉರುಳಿದವು.

“ನನ್ನ ಪಾಲು ಮಾವ?” ಕಮಲಾಕರ ಅಳುವುದೊಂದು ಬಾಕಿ.

“ಎಳೆದವ್ರಿಗೆ ಪಾಲು ಅಳಿಯಾ. ಎಳಿಸ್ಕಂಡು ಬಂದ ಮೀನಿಗೆ ಯಾರಾದ್ರೂ ಪಾಲು ಕೊಡ್ತಾರಾ?” ಎಂದ ಈರ, ಉಳಿದದ್ದು ಅಳಿಯ ಒಬ್ಬನೇ ಆದ್ದರಿಂದ ಅವನನ್ನು ಮಾದೇವಿಯ ಪಾಲಿಗೆ ಹಾಕಿದ.

ಮಾದೇವಿ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು.

“ನಂಗೆ ಆ ಮುಚ್ಚಳ ಸಾಕಿತ್ತು ಅಪ್ಪಾ,” ಎಂದಳು.