ಮೌಶಿಯ ಆಪಲ್ ಮರಕ್ಕೆ ಚಳಿ

ಕಾಸರಗೋಡಿನ ಕುಂಬ್ಡಾಜೆಯಲ್ಲಿ ಹಿಮ ಬೀಳಬಹುದೆಂದು ಹೆದರಿ ನಸುಕಿನಲ್ಲೇ ಏಳುವವರು ಈ ಭೂಮಿಯ ಮೇಲೆ ಒಬ್ಬರೇ ಒಬ್ಬರು ಇದ್ದಾರೆ. ಅವರು ನನ್ನ ಮೌಶಿ. ತಾವು ಎದ್ದರೆ ಸಾಲದೆಂದು ನನ್ನನ್ನೂ ಎಬ್ಬಿಸುತ್ತಾರೆ ಎಂಬುದು ನನ್ನ ಗ್ರಹಚಾರ! ಫ್ಯಾನು ಎಷ್ಟು ಜೋರಾಗಿ ತಿರುಗಿದರೂ ಬೆವರು ಆರದ ಊರು ಇದು. ಇಲ್ಲಿ ಹಿಮವಂತೆ! ಯಾರ ಹತ್ತಿರ ಹೇಳಿಕೊಳ್ಳುವುದು?

ಮೌಶಿ ಎಂದರೆ ನನ್ನ ಅಮ್ಮನ ತಂಗಿ. ಮದುವೆಯ ಗೋಜಿಗೆ ಹೋಗದೆ, ನರ್ಸಿಂಗ್ ಕಲಿತು, ಹಿಮಾಚಲದ ಒಂದು ಆಸ್ಪತ್ರೆ ಸೇರಿದವರು ತಲೆ ನರೆತ ಮೇಲೆಯೇ ಊರಿಗೆ ಬಂದದ್ದು. ಅಂಥ ಊರಿನಿಂದ ಬರುವವರು ಶಾಲು ತರುತ್ತಾರೆ, ಅಕ್ರೋಟು ತರುತ್ತಾರೆ. ಇವರು ಮಡಿಲಲ್ಲಿ ಒಂದು ಆಪಲ್ ಗಿಡ ಇಟ್ಟುಕೊಂಡು ರೈಲಿಳಿದರು. ಅದೂ ಎಸಿ ಬೋಗಿಯಿಂದ!

"ಪರವಾಗಿಲ್ಲ ಮೌಶಿ, ಈಗಲಾದರೂ ಸುಖವಾಗಿ ಬಂದಿರಲ್ಲ" ಎಂದೆ.

"ನನಗೆ ಎಂತಕ್ಕೆ ಎಸಿ? ಗಿಡಕ್ಕೆ ಸೆಕೆ ಆಗ್ತದಲ್ಲ ಪುತಾ!" ಪುತಾ ಎಂದರೆ ನಮ್ಮ ಕೊಂಕಣಿಯಲ್ಲಿ ಮಗನೇ.

ಗಿಡ ಕೊಟ್ಟವರು ಕಮಲಾ. ಮೌಶಿಯ ಜತೆ ಅದೇ ಆಸ್ಪತ್ರೆಯಲ್ಲಿ ದುಡಿದು, ಈಗ ಅಲ್ಲಿಯೇ ಗುಡ್ಡದ ಮೇಲೆ ತನ್ನ ಆಪಲ್ ತೋಟ ನೋಡಿಕೊಂಡಿರುವ ಗೆಳತಿ. ಸೆಕೆಯ ಊರಿಗೂ ಆಗುವ ಜಾತಿಯಂತೆ ಅದು. ಕೊಡುವಾಗ ಕಮಲಾ ನಕ್ಕು, "ನಿಮ್ಮೂರಲ್ಲಿ ಇದು ಕಾಯಿ ಬಿಟ್ಟರೆ ನಾನೇ ರೈಲು ಹತ್ತಿ ಬಂದು ತಿನ್ನುತ್ತೇನೆ" ಎಂದಿದ್ದರಂತೆ. ತೋಟ ಬಿಟ್ಟು ಕದಲದ ಹೆಂಗಸು ತಮಾಷೆಗೆ ಆಡಿದ ಮಾತು. ಆದರೆ ಮೌಶಿ ಅದನ್ನು ಡಾಕ್ಟರರ ಚೀಟಿಯಷ್ಟು ಗಟ್ಟಿಯಾಗಿ ಹಿಡಿದುಕೊಂಡರು. ಗೆಳತಿಯನ್ನು ಇನ್ನೊಮ್ಮೆ ನೋಡಬೇಕೆಂದರೆ ಗಿಡ ಕಾಯಿ ಬಿಡಬೇಕು. ಬಿಡಿಸುವ ಜವಾಬ್ದಾರಿ ನನ್ನ ತಲೆಗೆ ಬಂತು. ಯಾಕೆಂದರೆ ನಾನು ಪಕ್ಕದ ಮನೆಯಲ್ಲಿದ್ದೇನೆ, ನನ್ನ ಹತ್ತಿರ ಸ್ಕೂಟರ್ ಉಂಟು.

ಆಪಲ್ ಮರ ಹೂ ಬಿಡಬೇಕಾದರೆ ಮೊದಲು ಅದಕ್ಕೆ ಚೆನ್ನಾಗಿ ಚಳಿ ಆಗಬೇಕಂತೆ. ಕುಂಬ್ಡಾಜೆಗೆ ಚಳಿ ಎಲ್ಲಿಂದ ತರುವುದು? ನಾಯ್ಮಾರ್ಮೂಲೆಯ ಮೀನಿನ ಅಂಗಡಿಯಿಂದ! ನನ್ನ ಕೆಲಸ ಅಲ್ಲಿಯೇ ಇರುವುದರಿಂದ, ಡಿಸೆಂಬರ್ ಬಂತೆಂದರೆ ಸಂಜೆ ಬರುವಾಗ ಮೀನಿನ ಪೆಟ್ಟಿಗೆಯಲ್ಲಿ ಉಳಿದ ಐಸನ್ನು ಗೋಣಿಯಲ್ಲಿ ಕಟ್ಟಿ ತರಬೇಕು. ಅರ್ಧ ಐಸು ದಾರಿಯಲ್ಲೇ ಕರಗಿ ನನ್ನ ಪ್ಯಾಂಟಿಗೆ ಇಳಿಯುತ್ತದೆ. ಉಳಿದರ್ಧವನ್ನು ಮೌಶಿ ತಮ್ಮ ಅಂಗಳದಲ್ಲಿ ನೆಟ್ಟ ಮರದ ಬುಡಕ್ಕೆ ಹರಡುತ್ತಾರೆ.

"ದಿನಾ ಐಸು ಕೊಂಡೋಗ್ತೀರಿ, ಮೀನು ಮಾತ್ರ ಬೇಡ! ನೀವೇ ಅಂಗಡಿ ಹಾಕುವ ಅಂದಾಜು ಉಂಟಾ ಎಂತ ಮಾರಾಯ್ರೆ?" ಎಂದು ಮೀನಿನವನು ಕೇಳಿದ. ಆಪಲ್ ಮರಕ್ಕೆ ಎಂದು ಹೇಳಲು ನಾಲಗೆ ಬರಲಿಲ್ಲ. ಹೌದು ಎಂದುಬಿಟ್ಟೆ.

ಎರಡು ವರ್ಷ ಹೀಗೇ ಕಳೆಯಿತು. ಮರಕ್ಕೆ ಹೂ ಬರಲಿಲ್ಲ, ಬೆಕ್ಕುಗಳು ಬಂದವು. ಬಂಗುಡೆಯ ವಾಸನೆ ಹಿಡಿದು ಬಂದು ಬುಡ ನೆಕ್ಕಿ, ಮೋಸಹೋದ ಮುಖ ಮಾಡಿಕೊಂಡು ಹಿಂದೆ ಹೋಗುತ್ತಿದ್ದವು. ಅವುಗಳ ನಿರಾಸೆ ನನಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

ಈ ವರ್ಷ ಫೆಬ್ರವರಿಯಲ್ಲಿ, ನಂಬುತ್ತೀರೋ ಇಲ್ಲವೋ, ಹೂ ಬಿಟ್ಟಿತು! ಒಂದೇ ಒಂದು ಗೊಂಚಲು. ಅಬ್ಬ, ನನ್ನ ಸೇವೆ ಮುಗಿಯಿತು ಎಂದುಕೊಂಡೆ. ಎಂಥ ಮೂರ್ಖ ನಾನು!

"ಹೂ ಬಿಡುವ ಮೊದಲಿನ ಚಳಿ ಮರಕ್ಕೆ ಔಷಧಿ, ಹೂ ಬಿಟ್ಟ ಮೇಲಿನ ಚಳಿ ವಿಷ" ಎಂದರು ಮೌಶಿ. "ಬೇಸಗೆ ಬಂತು ಅಂತ ನಂಬಿ ಮರ ಹೂ ಬಿಟ್ಟಿರ್ತದೆ. ಒಂದು ಬೆಳಿಗ್ಗೆ ಹಿಮ ಬಿದ್ದರೆ ಮುಗೀತು, ಆ ವರ್ಷ ಕಾಯಿ ಇಲ್ಲ. ನಾನು ಕಣ್ಣಾರೆ ನೋಡಿದ್ದೇನೆ."

"ಇಲ್ಲಿ ಇಪ್ಪತ್ತೆರಡು ಡಿಗ್ರಿ ಉಂಟು ಮೌಶಿ!" ಮರದ ಕೊಂಬೆಗೆ ಅವರೇ ಕಟ್ಟಿದ್ದ ಥರ್ಮಾಮೀಟರ್ ತೋರಿಸಿದೆ.

"ಇಳಿಯಲಿಕ್ಕೆ ಎಷ್ಟು ಹೊತ್ತು?"

ಒಂದು ದಿನ ಬೆಳಿಗ್ಗೆ ಊರಿಗೆಲ್ಲ ಮಂಜು ಕವಿದಿತ್ತು. ಬಿಸಿಲೇರಿದರೆ ಹೋಗುವ ಬಡಪಾಯಿ ಮಂಜು. ಮೌಶಿ ಬಿಟ್ಟಾರೆಯೇ? ಹಿಮಾಚಲದ ತೋಟಗಳಲ್ಲಿ ಮಾಡುತ್ತಾರೆಂದು ತೆಂಗಿನ ಸಿಪ್ಪೆ, ತರಗೆಲೆ ಎಲ್ಲ ಒಟ್ಟಿ ಬೆಂಕಿ ಕೊಟ್ಟು ಹೊಗೆ ಎಬ್ಬಿಸಿದರು. ನನಗೆ ಮೊರದಲ್ಲಿ ಗಾಳಿ ಹಾಕುವ ಕೆಲಸ. ಹೊಗೆ ಕಂಡು ಆಚೆಯ ರಬ್ಬರ್ ತೋಟದಿಂದ ನೆರೆಯ ರೈಗಳು ಬಕೆಟ್ ಹಿಡಿದು ಓಡಿ ಬಂದರು.

"ಎಂತ ಸಿಸ್ಟರೇ, ಮನೆಗೆ ಬೆಂಕಿ ಹಿಡಿದದ್ದಾ?"

"ಇಲ್ಲ ರೈಗಳೇ, ಮರಕ್ಕೆ ಚಳಿ ಆಗ್ತಾ ಉಂಟು!"

ಅಷ್ಟರಲ್ಲಿ ಬಕೆಟಿನ ನೀರು ಅವರ ಕೈ ಬಿಟ್ಟಾಗಿತ್ತು. ಅದು ಬೆಂಕಿಗೂ ಬೀಳಲಿಲ್ಲ, ಮರಕ್ಕೂ ಬೀಳಲಿಲ್ಲ. ನನ್ನ ಮೇಲೆ ಬಿತ್ತು. ಆ ದಿನ ಕುಂಬ್ಡಾಜೆಯಲ್ಲಿ ನಿಜವಾಗಿ ಚಳಿಯಾದದ್ದು ನನಗೆ ಮಾತ್ರ.

ಗೊಂಚಲಿನಲ್ಲಿ ಒಂದು ಹೂ ಕಾಯಿ ಕಟ್ಟಿತು. ಮೌಶಿ ಅದಕ್ಕೆ ಸೊಳ್ಳೆ ಪರದೆ ಕಟ್ಟಿ ಆಸ್ಪತ್ರೆಯ ನಿಯಮ ತಂದರು. ಸಂಜೆ ಒಂದು ಗಂಟೆ ಹೊತ್ತು ಮಾತ್ರ ನೋಡಬಹುದು, ಮುಟ್ಟುವ ಹಾಗಿಲ್ಲ, ಹತ್ತಿರ ಕೆಮ್ಮುವ ಹಾಗಿಲ್ಲ. ರೈಗಳು ಎರಡು ಸಲ ನೋಡಲು ಬಂದು, "ಈಗ ಹೇಗುಂಟು?" ಎಂದು ಮೆಲ್ಲಗೆ ಕೇಳಿ ಹೋದರು. ಕಾಯಿ ಇನ್ನಷ್ಟು ಬಲಿತ ಮೇಲೆ ಕಮಲಾರಿಗೆ ಹೇಳಿ ಬೆಚ್ಚಿಬೀಳಿಸಬೇಕೆಂದು ಮೌಶಿಯ ಲೆಕ್ಕ.

ಏಪ್ರಿಲಿನಲ್ಲಿ ಹಿಮ ಬಿತ್ತು. ಇಲ್ಲಿ ಅಲ್ಲ, ಅಲ್ಲಿ. ಕಮಲಾರ ತೋಟ ಪೂರ್ತಿ ಹೂವಲ್ಲಿದ್ದ ಹೊತ್ತಿಗೆ.

ಸಂಜೆ ಜಪಮಾಲೆ ಹಿಡಿದು ತೇರ್ಸ್ ಪ್ರಾರ್ಥನೆ ಮುಗಿಸಿ ಗೆಳತಿಗೆ ಫೋನ್ ಮಾಡುವುದು ಮೌಶಿಯ ಪದ್ಧತಿ. ಮೌಶಿಗೆ ಕಿವಿ ಸ್ವಲ್ಪ ಮಂದವಾದ್ದರಿಂದ ಸ್ಪೀಕರಿನಲ್ಲಿ ಕಮಲಾರ ಹಿಂದಿ ನನಗೂ ಕೇಳಿಸಿತು. "ಹೊಗೆ ಹಾಕಿದೆವು, ಸಾಲಲಿಲ್ಲ. ಹೂವೆಲ್ಲ ಮರದಲ್ಲೇ ಇದೆ. ಹೊರಗೆ ಬೆಳ್ಳಗೆ ಚಂದ ಇದೆ. ಬಿಡಿಸಿ ನೋಡಿದರೆ ನಡುವೆ ಕಪ್ಪು" ಎಂದರು. ಅತ್ತಿದ್ದರೆ ವಾಸಿಯಿತ್ತು. ದಣಿದು ಹೋದ ದನಿ ಅದು. ಆಮೇಲೆ ದಿನ ಹೋದ ಹಾಗೆ ಅವರ ಮಾತುಕತೆ ಎರಡು ಮಾತಿಗೆ ಬಂತು, ಕೊನೆಗೆ ಕಮಲಾ ಫೋನೇ ಎತ್ತಲಿಲ್ಲ.

"ಕಾಯಿ ಆದದ್ದು ಹೇಳಿ ಮೌಶಿ, ಖುಷಿಯಾಗಿ ಬಂದಾರು" ಎಂದೆ.

"ಅವಳ ಅಷ್ಟು ದೊಡ್ಡ ತೋಟದಲ್ಲಿ ಇಲ್ಲ, ನನ್ನ ಒಂದು ಮರದಲ್ಲಿ ಉಂಟು ಅಂತ ಯಾವ ಬಾಯಲ್ಲಿ ಹೇಳುವುದು?"

ಮೇ ಕೊನೆಗೆ ಕಾಯಿ ಒಂದು ಕೆನ್ನೆಯಲ್ಲಿ ಮಾತ್ರ ಕೆಂಪಾಯಿತು. ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು. ಮೌಶಿ ಅದನ್ನು ಕೊಯ್ದು, ಹತ್ತಿಯಲ್ಲಿ ಸುತ್ತಿ, ಟಿಫಿನ್ ಡಬ್ಬಿಯಲ್ಲಿಟ್ಟು, ನನ್ನನ್ನು ಕರೆದು ಟಿಕೆಟ್ ಮಾಡು ಎಂದರು. ಅವರಿಗೆ ಮೊಣಕಾಲು ನೋವು, ಮೆಟ್ಟಿಲು ಹತ್ತಲು ಗೋಡೆ ಹಿಡಿಯಬೇಕು.

"ಮೌಶಿ, ಆಪಲ್ ಬೆಳೆಯುವ ಊರಿಗೆ ಇಲ್ಲಿಂದ ಆಪಲ್ ಕೊಂಡೋಗುವುದಾ? ಜನ ನಗುವುದಿಲ್ವಾ?"

"ಅಲ್ಲಿ ಈ ವರ್ಷ ಇಲ್ಲ ಅಲ್ವಾ ಪುತಾ" ಎಂದರು, ಅಷ್ಟೇ.

ಟಿಕೆಟ್ ಮಾಡಿದೆ. ಕಾಸರಗೋಡು ಸ್ಟೇಷನ್ನಿನಲ್ಲಿ ಅವರನ್ನು ರೈಲು ಹತ್ತಿಸಿ ಬಂದೆ. ಈ ಸಲವೂ ಎಸಿಯೇ, ಡಬ್ಬಿಗೆ ಸೆಕೆ ಆಗಬಾರದಲ್ಲ. ಆಮೇಲೆ ಮೌಶಿಯ ಫೋನ್ ಬರುವವರೆಗೆ ನನಗೆ ಊಟ ಸೇರಲಿಲ್ಲ.

"ಮುಟ್ಟಿದೆ ಪುತಾ. ಇಬ್ಬರೂ ಅರ್ಧರ್ಧ ತಿಂದೆವು."

"ರುಚಿ ಹೇಗಿತ್ತು ಮೌಶಿ?"

"ಹುಳಿ. ಮೀನಿನ ವಾಸನೆ ಬರ್ತದೆ ಅಂತ ಕಮಲಾ ನಕ್ಕಳು" ಎಂದವರು ಮತ್ತೆ ಹೇಳಿದರು, "ನಕ್ಕಳು ಪುತಾ."

ನನಗೆ ಸಾಕಾಗಿದೆ. ಸ್ಕೂಟರಿಗೂ ಸಾಕಾಗಿದೆ, ಸೀಟಿನ ವಾಸನೆ ಇನ್ನೂ ಹೋಗಿಲ್ಲ. ಆದರೂ ಮರುದಿನವೇ ಮೀನಿನವನ ಹತ್ತಿರ ಹೋಗಿ, ಬರುವ ಡಿಸೆಂಬರಿಗೆ ಐಸು ಬೇಕೆಂದು ಹೇಳಿಟ್ಟು ಬಂದೆ. ಯಾಕೆ ಎಂದು ಕೇಳಿದ. ಆಪಲ್ ಮರಕ್ಕೆ ಎಂದೆ.